ಕನ್ನಡಿಯವನ ಪಥ್ಯ

ಶಾಲೆಯ ಗೇಟು ಕಾಯುವ ಮುದುಕ ಅಂದದ್ದು ಇಷ್ಟೇ: "ಏ ಪುಟ್ಟೀ, ನಿಮ್ಮ ತಾತ ಬಂದವ್ರೆ ನೋಡು."

ಬೇರೆಯವರಾಗಿದ್ದರೆ ನಕ್ಕು ಮರೆಯುತ್ತಿದ್ದರು. ಕನ್ನಡಿ ಅಂಗಡಿಯವನಿಗೆ ಮಾತ್ರ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತತೊಡಗಿತು. ಅವನಿಗೆ ಐವತ್ಮೂರು, ಮಗಳಿಗೆ ಏಳು. ಮದುವೆಯಾಗಿ ಹದಿನಾರು ವರ್ಷ ಕಾದ ಮೇಲೆ ಹುಟ್ಟಿದವಳು, ಮನೆಯವರ ಬಾಯಲ್ಲಿ ಗುಬ್ಬಿ. ಮುದುಕನ ಮಾತಿಗಿಂತ ಅವನನ್ನು ಹೆಚ್ಚು ಚುಚ್ಚಿದ್ದು ಗುಬ್ಬಿಯ ಮೌನ. 'ತಾತ ಅಲ್ಲ, ಅಪ್ಪ' ಅನ್ನಬಹುದಿತ್ತಲ್ಲ? ಅನ್ನಲಿಲ್ಲ. ಅವನ ಕೈ ಹಿಡಿದು ಎಳೆದುಕೊಂಡು ಹೊರಟೇಬಿಟ್ಟಳು. ಕೂಸಿಗೆ ನಾಚಿಕೆಯಾಗಿರಬೇಕು ಎಂದುಕೊಂಡ.

ಅದೇ ವಾರ ಶಾಲೆಯಿಂದ ಚೀಟಿ ಬಂತು. ಎರಡು ತಿಂಗಳ ಮೇಲೊಂದು ಶನಿವಾರ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ತರಗತಿಗೆ ಕರೆತಂದು, ಎಲ್ಲರೆದುರು ನಿಲ್ಲಿಸಿ, ಅವರ ಕೆಲಸ ಏನೆಂದು ಹೇಳಬೇಕಂತೆ. ಗುಬ್ಬಿ ಯಾರನ್ನೂ ಕೇಳದೆ 'ಅಪ್ಪ, ಗಾಜು ಕತ್ತರಿಸ್ತಾರೆ' ಎಂದು ಬರೆದುಕೊಟ್ಟಳು. ಮೂವತ್ತು ಮಕ್ಕಳೆದುರು ನಿಂತಾಗ ಮೂವತ್ತು ಬಾಯಿಗಳು 'ತಾತ' ಅಂದರೆ ಮಗಳ ಮುಖ ಏನಾದೀತು? ಇರುವುದು ಎರಡು ತಿಂಗಳು. ಅಷ್ಟರೊಳಗೆ ಹತ್ತು ವರ್ಷ ಇಳಿಸಿಯೇ ತೀರುತ್ತೇನೆಂದು ಹಟ ತೊಟ್ಟ.

ಪಕ್ಕದ ಔಷಧಿ ಅಂಗಡಿಯವನು ತಿಳಿದವನು. "ಅಣ್ಣಾ, ಮುಖಕ್ಕೆ ಬಳಿಯೋದೆಲ್ಲ ಮೇಲುಮೇಲಿಂದು. ಚರ್ಮಕ್ಕೆ ಬೇಕಾದ್ದು ತಟ್ಟೆಯಿಂದಾನೇ ಬರ್ಬೇಕು. ನೀವು ದಿನಕ್ಕೆ ಎಂಟು ಟೀ ಕುಡೀತೀರಿ, ಒಂದೊಂದಕ್ಕೂ ಮೂರು ಚಮಚ ಸಕ್ಕರೆ. ಅಷ್ಟು ಸಕ್ಕರೆ ಚರ್ಮದ ಒಳಗಿನ ನಾರನ್ನೇ ಬಿರುಸು ಮಾಡಿಬಿಡುತ್ತೆ. ಅದನ್ನ ಕಮ್ಮಿ ಮಾಡಿ, ಕರಿದದ್ದು ಕಮ್ಮಿ ಮಾಡಿ. ತರಕಾರಿ, ಹಣ್ಣು, ಕಾಳು, ಮೊಟ್ಟೆ ಚೆನ್ನಾಗಿ ತಿನ್ನಿ. ನಿಧಾನಕ್ಕೆ ಆಗುತ್ತೆ, ಅವಸರ ಬೇಡ."

ಒಳ್ಳೆಯ ಮಾತೇ. ಆದರೆ ನಮ್ಮವನ ಕಿವಿಗೆ ಹೋದದ್ದು ಅರ್ಧ. ಬಿಡಬೇಕಾದ್ದನ್ನೆಲ್ಲ ಕೇಳಿಸಿಕೊಂಡ, ತಿನ್ನಬೇಕಾದ್ದನ್ನು ಅಲ್ಲೇ ಬಿಟ್ಟುಬಂದ. ಸಕ್ಕರೆ ಹೋಯಿತು. ಸಕ್ಕರೆಯ ಹಿಂದೆ ಅನ್ನ, ಎಣ್ಣೆ, ಬೆಣ್ಣೆ, ಹಾಲು, ಮೊಟ್ಟೆ ಎಲ್ಲ ಸಾಲುಗಟ್ಟಿ ಹೊರಟವು. ಉಳಿದದ್ದು ಸೌತೆಕಾಯಿ, ಕ್ಯಾರೆಟ್ಟು, ನಿಂಬೆಹುಳಿ ಹಿಂಡಿದ ನೀರು.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಯ್ತು ನಿಮ್ಮ ಕತೆ," ಅಂದಳು ಹೆಂಡತಿ. "ಹೂ ಮುಡಿಯೋಣ ಅಂದ್ರೆ ನಿಮಗೆ ಜುಟ್ಟೂ ಇಲ್ವಲ್ರೀ!"

ಅವನು ನಗಲಿಲ್ಲ. ಮೊದಲೆಲ್ಲ ತಾನೇ ಮುಂದಾಗಿ ನಗುತ್ತಿದ್ದವನು ಈಗ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಬೇರೆ ಕಸುಬಿನವನಾಗಿದ್ದರೆ ಬೆಳಿಗ್ಗೆ ಗಡ್ಡ ಹೆರೆಯುವಾಗ ಒಮ್ಮೆ ಮುಖ ನೋಡಿಕೊಂಡು ಮರೆಯಬಹುದಿತ್ತು. ಇವನ ಅಂಗಡಿಯ ಗೋಡೆಗಳಿಗೆ ಇಪ್ಪತ್ಮೂರು ಕನ್ನಡಿ ಒರಗಿದ್ದವು. ಅಳತೆ ಪಟ್ಟಿಗೆ ಕೈ ಚಾಚಿದರೆ ಒಂದು ಮುಖ, ಸೀಮೆಎಣ್ಣೆ ಬಟ್ಟೆಗೆ ಬಾಗಿದರೆ ಇನ್ನೊಂದು. ಕೊಯ್ಯುವ ಕಡ್ಡಿಯನ್ನು ಗಾಜಿನ ಮೇಲೆ ಎಳೆಯುತ್ತ ಎಳೆಯುತ್ತ ಅರ್ಧಕ್ಕೆ ನಿಲ್ಲಿಸಿ, ಕೆನ್ನೆಯನ್ನು ಕಿವಿಯ ಕಡೆಗೆ ಎಳೆದು ನೋಡುತ್ತಿದ್ದ. ಬಾಗಿಲ ಬಳಿಯ ಕನ್ನಡಿಯಲ್ಲಿ ಚೂರು ಪರವಾಗಿಲ್ಲ ಅನ್ನಿಸಿದರೆ, ಒಳಗಿನದರಲ್ಲಿ ಪರಿಸ್ಥಿತಿ ಗಂಭೀರ. ಗಿರಾಕಿ ಬಂದು ಎರಡು ಸಲ ಕೂಗಿದರೆ ಒಂದು ಸಲ ಕೇಳುತ್ತಿತ್ತು.

ಐದು ವಾರಕ್ಕೆ ಒಂಬತ್ತು ಕಿಲೋ ಇಳಿಯಿತು. 'ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ' ಅಂದಂತೆ, ಹೊಟ್ಟೆ ಕರಗಿದ್ದೇ ತಡ ಗದ್ದದ ಚರ್ಮ ಜೋತುಬಿತ್ತು. ಕೆನ್ನೆ ಒಳಗೆ ಹೋಯಿತು, ತುಟಿಯ ಪಕ್ಕ ಎರಡು ಗೆರೆ ಇಳಿದವು, ಮೊಣಕೈಯಿಂದ ಹೊಟ್ಟು ಉದುರತೊಡಗಿತು. "ಯಜಮಾನ್ರೇ, ಆಸ್ಪತ್ರೇಲಿದ್ರಾ?" ಎಂದು ಗಿರಾಕಿಗಳು ಕೇಳುವಷ್ಟಾಯಿತು. ಬುದ್ಧಿ ಇದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ಇವನು ಕ್ಯಾರೆಟ್ಟನ್ನೂ ಅರ್ಧ ಮಾಡಿದ.

ಆ ಹೊತ್ತಿಗೇ ಇನ್ನೊಂದು ಕಾಟ ಶುರುವಾಯಿತು. ಮಧ್ಯಾಹ್ನ ಡಬ್ಬಿ ತೆಗೆದರೆ ಸೌತೆಕಾಯಿ ಹೋಳುಗಳ ಅಡಿಯಲ್ಲಿ ಸುಲಿದ ಮೊಟ್ಟೆ! ಸುಲಿದದ್ದೂ ಅಂದಗೇಡಿ, ಅಲ್ಲಲ್ಲಿ ಬಿಳಿ ಕಿತ್ತುಬಂದು ಹಳದಿ ಇಣುಕುತ್ತಿತ್ತು. ಮರುದಿನವೂ ಅದೇ. ಕೆಲವು ದಿನ ಜೊತೆಗೆ ಬೆಣ್ಣೆ ಸವರಿದ ಬ್ರೆಡ್ಡಿನ ತುಂಡು.

"ಬೆನ್ನ ಹಿಂದೆ ನನ್ನ ಪಥ್ಯ ಕೆಡಿಸ್ತೀಯೇನೇ?" ಎಂದು ಮನೆಗೆ ಬಂದು ಹೆಂಡತಿಯ ಮೇಲೆ ಹರಿಹಾಯ್ದ.

"ನಾನ್ಯಾಕೆ ಹಾಕ್ಲಿ? ಹಾಕೋದಾದ್ರೆ ನಿಮ್ಮೆದುರಿಗೇ ಬಾಯಿಗೆ ತುರುಕ್ತೀನಿ. ಕದ್ದು ಹಾಕೋಕೆ ನನಗೇನು ಭಯಾನಾ?" ಅಂದಳು ಅವಳು. ಅವಳ ಸ್ವಭಾವ ಬಲ್ಲವರು ಯಾರಾದರೂ ನಂಬಬೇಕಾದ ಮಾತು. ಅವನು ನಂಬಲಿಲ್ಲ. ಗುಬ್ಬಿ ಗೋಡೆಗೆ ಒರಗಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಸ್ಕರ್ಟು ಸೊಂಟದಲ್ಲಿ ನಿಲ್ಲುತ್ತಿಲ್ಲವೆಂದು ಅವಳಮ್ಮ ಆ ವಾರವಷ್ಟೇ ಪಿನ್ನು ಹಾಕಿದ್ದಳು. ಅಪ್ಪನ ಗಮನ ಅಲ್ಲಿ ಹೋಗಲಿಲ್ಲ.

ಮೊಟ್ಟೆಯನ್ನು ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಅಂಗಡಿಯ ಮೆಟ್ಟಿಲ ಹತ್ತಿರ ಒಂದು ಕಜ್ಜಿ ನಾಯಿ ಬಿದ್ದುಕೊಂಡಿರುತ್ತಿತ್ತು, ಬೆನ್ನ ಮೇಲೆ ಕೂದಲಿಗಿಂತ ಗಾಯ ಹೆಚ್ಚು. ಅದಕ್ಕೆ ಹಾಕುತ್ತಿದ್ದ. ನಾಯಿ ಎರಡೇ ತುತ್ತಿಗೆ ಮುಗಿಸಿ, ನಾಳೆಯ ಡಬ್ಬಿಗೆ ಕಾಯುತ್ತ ಮಲಗುತ್ತಿತ್ತು. ಮೂರು ವಾರ ಹೀಗೇ ನಡೆಯಿತು.

ಶನಿವಾರದ ಹಿಂದಿನ ದಿನ ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ ಕೊಯ್ಯಬೇಕಿತ್ತು. ಗೆರೆ ಎಳೆದ, ಮೇಜಿನ ಅಂಚಿಗೆ ತಂದ, ಮುರಿಯಲು ಎತ್ತಿದ. ಇಪ್ಪತ್ತೆಂಟು ವರ್ಷ ಮಾಡಿದ ಕೆಲಸ. ಕಣ್ಣಿಗೆ ಕತ್ತಲೆ ಕವಿಯಿತು, ಕನ್ನಡಿ ನೆಲಕ್ಕೆ ಬಿದ್ದು ಪುಡಿಯಾಯಿತು. ಸದ್ದಿಗೆ ಓಡಿಬಂದ ಔಷಧಿ ಅಂಗಡಿಯವನು ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ನೀರು ಕುಡಿಸಿದ.

"ನಾನು ಹೇಳಿದ್ದೇನು, ನೀವು ಮಾಡಿದ್ದೇನು? ಚರ್ಮ ಗಾಳಿ ತಿಂದು ಬದುಕುತ್ತಾ ಅಣ್ಣಾ?" ಎಂದು ಗದರಿದವನು, ನಾಯಿಯ ಕಡೆ ತಿರುಗಿ ಬೆರಗಾದ. "ಅಲ್ಲಾ, ಇದು ಆ ಕಜ್ಜಿ ನಾಯೀನಾ? ಏನು ಮಿಂಚ್ತಾ ಇದೆ! ಯಾರು ಸಾಕ್ತಿದ್ದಾರೆ ಇದನ್ನ?"

ನಾಯಿಯ ಬೆನ್ನ ಮೇಲೆ ಹೊಸ ಕೂದಲು ದಟ್ಟವಾಗಿ ಬಂದಿತ್ತು.

ಶನಿವಾರ ಬೆಳಿಗ್ಗೆ ಹೆಂಡತಿ ಮಾಮೂಲಿನಂತೆ ಮೂರು ಡಬ್ಬಿ ತುಂಬಿ ಅಡಿಗೆಕಟ್ಟೆಯ ಮೇಲಿಟ್ಟು, ತನ್ನದನ್ನು ಎತ್ತಿಕೊಂಡು ಕೆಲಸಕ್ಕೆ ಹೊರಟಳು. ಅವನು ರಾತ್ರಿಯೆಲ್ಲ ಹೊರಳಾಡಿ ಎದ್ದಿದ್ದ. ಶಾಲೆಗೆ ಹೋಗುವುದೋ, ಜ್ವರ ಅಂತ ಮಲಗಿಬಿಡುವುದೋ? ನಿರ್ಧಾರಕ್ಕೆ ಬರಲಾಗದೆ ನೀರು ಕುಡಿಯಲು ಅಡಿಗೆಮನೆಗೆ ಬಂದವನು ಬಾಗಿಲಲ್ಲೇ ನಿಂತ.

ಗುಬ್ಬಿ ಮಣೆ ಹತ್ತಿ ನಿಂತಿದ್ದಳು. ತನ್ನ ಡಬ್ಬಿಯಿಂದ ಮೊಟ್ಟೆ ತೆಗೆದು, ನಾಲಿಗೆ ಕಚ್ಚಿಕೊಂಡು, ಉಗುರಿನಿಂದ ಚೂರು ಚೂರೇ ಸಿಪ್ಪೆ ಕೀಳುತ್ತಿದ್ದಳು. ಕಿತ್ತಾದ ಮೇಲೆ ಅವನ ಡಬ್ಬಿಯ ಸೌತೆಕಾಯಿ ಸರಿಸಿ ಅದರ ಕೆಳಗೆ ತಳ್ಳಿದಳು.

"ಗುಬ್ಬೀ..."

ಬೆಚ್ಚಿದಳು. "ಅಮ್ಮಂಗೆ ಹೇಳ್ಬೇಡ ಅಪ್ಪಾ."

"ಯಾಕಮ್ಮಾ ಹೀಗ್ಮಾಡ್ತೀಯ? ನಿನ್ನ ಊಟ ಅಲ್ವಾ ಅದು?"

"ನನ್ ಪಕ್ಕ ಕೂರ್ತಾಳಲ್ಲ, ಅವಳ ತಾತಾನೂ ಹಿಂಗೇ ಸಣ್ಣ ಆದ್ರಂತೆ. ದಿನಾ ದಿನಾ ಸಣ್ಣ ಆಗಿ, ಆಮೇಲೆ ಸತ್ತೋದ್ರಂತೆ."

ಅವನು ನೆಲದ ಮೇಲೆ ಕೂತ. ಎರಡು ತಿಂಗಳಿಂದ ನುಂಗಿಕೊಂಡಿದ್ದ ಪ್ರಶ್ನೆ ಆಗ ಹೊರಬಂತು. "ಅವತ್ತು ಗೇಟಲ್ಲಿ ತಾತ ಅಂದ್ರಲ್ಲ, ನೀನ್ಯಾಕೆ ಅಪ್ಪ ಅಂತ ಹೇಳ್ಲಿಲ್ಲ?"

ಗುಬ್ಬಿಗೆ ಅದು ನೆನಪಿಗೆ ಬರಲೇ ಸ್ವಲ್ಪ ಹೊತ್ತು ಹಿಡಿಯಿತು. "ಓ, ಅವ್ರಾ? ಅವ್ರಿಗೆ ಕಣ್ಣೇ ಕಾಣ್ಸಲ್ಲ ಅಪ್ಪಾ. ನಮ್ಮ ಮಿಸ್ಸಿಗೂ ಅಜ್ಜಿ ಅಂತಾರೆ. ನನ್ನ ಒಂದೊಂದ್ಸಲ ತಮ್ಮಾ ಅಂತಾರೆ."

ಅವನು ಮುಖ ಮುಚ್ಚಿಕೊಂಡ. ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ಗುಬ್ಬಿ ಮಣೆಯಿಂದಿಳಿದು ಹತ್ತಿರ ಬಂದಳು. ಅವಳ ಕುತ್ತಿಗೆಯ ಮೂಳೆ ಎದ್ದು ಕಾಣುವುದನ್ನು ಅವನು ಮೊದಲ ಸಲ ನೋಡಿದ.

"ದಿನಾ ಮೊಟ್ಟೆ ತಿಂದ್ಯಾ ಅಪ್ಪಾ? ಮತ್ತೆ ಯಾಕೆ ದಪ್ಪ ಆಗ್ತಿಲ್ಲ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆ ಕಣ್ಣುಗಳೆದುರು ಆಡಲಾಗಲಿಲ್ಲ. "ಇಲ್ಲ ಕಂದಾ. ನಾಯಿಗೆ ಹಾಕಿಬಿಟ್ಟೆ."

"ಎಲ್ಲಾನೂ?"

"ಎಲ್ಲಾನೂ."

ಗುಬ್ಬಿಯ ತುಟಿ ಅದುರಿತು, ಆದರೆ ಅಳಲಿಲ್ಲ. ಡಬ್ಬಿಯಿಂದ ಮೊಟ್ಟೆ ತಂದು ಅವನ ಅಂಗೈಯಲ್ಲಿಟ್ಟಳು. ಅವನು ಎರಡು ಹೋಳು ಮಾಡಿ ದೊಡ್ಡದನ್ನು ಅವಳಿಗೆ ಕೊಟ್ಟ, ಇನ್ನೊಂದನ್ನು ಬಾಯಿಗೆ ಹಾಕಿಕೊಂಡ. ಉಪ್ಪಿಲ್ಲದ ಮೊಟ್ಟೆ ಗಂಟಲಲ್ಲಿ ಇಳಿಯಲು ತಡವಾಯಿತು. ತನ್ನ ಹೋಳು ಕೈಯಲ್ಲೇ ಹಿಡಿದು ಗುಬ್ಬಿ ಅವನ ಗಂಟಲನ್ನೇ ನೋಡುತ್ತಿದ್ದಳು.

"ಆ ಮಾಡು," ಅಂದಳು.

ಅವನು ಬಾಯಿ ತೆರೆದ. ಅವಳು ಬಗ್ಗಿ, ಎಡದವಡೆ ನೋಡಿದಳು, ಬಲದವಡೆ ನೋಡಿದಳು, ನಾಲಿಗೆ ಎತ್ತಿಸಿ ಅಡಿಯಲ್ಲೂ ನೋಡಿದಳು.

"ಹೂಂ. ಈಗ ಬೇಗ ಸ್ನಾನ ಮಾಡಪ್ಪಾ," ಎಂದು ತನ್ನ ಹೋಳನ್ನು ಬಾಯಿಗಿಟ್ಟುಕೊಂಡಳು. "ನಮ್ಮಪ್ಪ ಬರ್ತಾರೆ ಅಂತ ಎಲ್ಲಾರ್ಗೂ ಹೇಳ್ಬಿಟ್ಟಿದೀನಿ."