ಮೂರು ಸಾಲಿನ ಸೀಲು

ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತಿದ್ದ ದರ್ಜಿಗೆ ಮಗಳು ಗಾಳಿ ಹೀರಿ ಚೀಲ ಮುಚ್ಚುವ ಯಂತ್ರವೊಂದನ್ನು ತಂದುಕೊಟ್ಟಳು. ಹೀಗೆ ಮುಚ್ಚಿಟ್ಟರೆ ಪದಾರ್ಥ ಬೇಗ ಕೆಡುವುದಿಲ್ಲವೆಂದು ಕೇಳಿದ್ದೇ ತಡ, ಆತ ಅಡುಗೆಮನೆಗೆ ನುಗ್ಗಿದ. ಕಾಳು, ಕೋಳಿ, ಹೆಚ್ಚಿದ ತರಕಾರಿ ಎಲ್ಲವೂ ಚೀಲ ಸೇರಿದವು. ಒಂದು ಬನ್ನು ಕರವಸ್ತ್ರದಷ್ಟು ತೆಳ್ಳಗಾಯಿತು. ಒಂದು ಸೀಲು ಸಾಕಿದ್ದ ಕಡೆ ಆತ ಮೂರು ಸಾಲು ಹಾಕಿದ.

"ನಲವತ್ತು ವರ್ಷದಲ್ಲಿ ಒಬ್ಬ ಗಿರಾಕಿನಾದ್ರೂ ಬಟ್ಟೆ ವಾಪಸ್ ತಂದಿದಾನಾ? ನನ್ನ ಕೆಲಸ ಅಂದ್ರೆ ಹಾಗೆ!"

ಅದೇ ಹುರುಪಿನಲ್ಲಿ, ತುಕ್ಕು ಹಿಡಿಯಬಾರದೆಂದು ಮನೆಯ ಎಲ್ಲ ಕತ್ತರಿ, ಚಾಕುಗಳನ್ನೂ ಸೀಲು ಮಾಡಿಟ್ಟ.

ಭಾನುವಾರ ಬೀಗರು ಊಟಕ್ಕೆ ಬಂದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು, ಕೋಳಿಯ ಚೀಲ ಮಾತ್ರ ಬಾಯಿ ಬಿಡಲೊಲ್ಲದು. ದರ್ಜಿ ಕಚ್ಚಿ ಎಳೆದ. ಹಲ್ಲಿನ ಸೆಟ್ಟೇ ಕಳಚಿ ಚೀಲಕ್ಕೆ ನೇತುಬಿತ್ತು.

"ಏನ್ ಬೀಗ್ರೇ, ಒಳಗೇನು ಕುಸ್ತಿನಾ?" ಹಜಾರದಿಂದ ಕೂಗು ಬಂತು. ಮಾನ ಹರಾಜಾಗುವ ಹೊತ್ತು, ದರ್ಜಿ ಬೆವೆತುಹೋದ.

ಹೆಂಡತಿ ಅಕ್ಕಿ ಡಬ್ಬಿಯ ಹಿಂದಿನಿಂದ ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯೊಂದನ್ನು ತೆಗೆದು ಚೀಲಗಳನ್ನು ಪರ್ರನೆ ಸೀಳಿದಳು. ಕೊಕ್ಕೆಯ ಹಿಡಿ ಸವೆದು ನುಣ್ಣಗಾಗಿತ್ತು.

"ಇದ್ಯಾಕೆ ನಮ್ಮನೇಲಿದೆ?" ಬೊಚ್ಚು ಬಾಯಲ್ಲೇ ದರ್ಜಿ ಕೇಳಿದ.

"ಬಟ್ಟೆ ವಾಪಸ್ ತರ್ತಿದ್ರು ಕಣ್ರೀ, ಹಿತ್ತಲ ಬಾಗಿಲಿಗೆ. ಬಿಚ್ಚಿ, ಸರಿಯಾಗಿ ಹೊಲಿದು ಕೊಡ್ತಿದ್ದೆ. ಈಗ ಹಲ್ಲು ಹಾಕ್ಕೊಂಡು ಹೊರಗೆ ಹೋಗಿ, ಬೀಗರು ಕಾಯ್ತಿದಾರೆ."