ಕತ್ತರಿ ಇಳಿಯದ ಬಟ್ಟೆ

ಕಾಲರ್ ಒಂದು ಕಡೆ ಎತ್ತರ, ಇನ್ನೊಂದು ಕಡೆ ತಗ್ಗು, ಎದುರಿನ ಬೆಂಚಿನವನ ಅಂಗಿ ನೋಡು, ಯಾವ ಪುಣ್ಯಾತ್ಮ ಕತ್ತರಿಸಿದನೋ — ಆದರೂ ಕತ್ತರಿಸಿದ್ದಾನಲ್ಲ, ಅಷ್ಟಾದರೂ ಅವನ ಕೈಲಾಯಿತಲ್ಲ, ಎಂದುಕೊಳ್ಳುತ್ತ ಮಾಸ್ಟರ್ ತನ್ನ ಕೈಯಲ್ಲಿದ್ದ ಚೀಟಿಯನ್ನು ನೋಡದೆ ಕೂತಿದ್ದ. ಮಾಸ್ಟರ್ ಎಂದರೆ ಪಾಠ ಹೇಳುವವನಲ್ಲ, ಭಾವನ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು, ಈಗ ಕತ್ತರಿಸಲಾರದವನು. ಚೀಟಿಯಲ್ಲಿ ಮೂರು ತುಂಡು, ನಡುವೆ ಚುಕ್ಕೆಗೆರೆ, ಮನೋವೈದ್ಯರು ಬೇಕಂದ್ರೆ ಮೊದಲನೇದು, ಸೈಕಾಲಜಿಸ್ಟ್ ಬೇಕಂದ್ರೆ ನಡುವಿಂದು, ಕೌನ್ಸೆಲರ್ ಬೇಕಂದ್ರೆ ಕೊನೇದು, ಯಾವುದಾದ್ರೂ ಒಂದು ಹರಿದು ಕೊಡಿ ಸರ್, ಅಷ್ಟೇ, ಎಂದಿದ್ದಳು ಆಸ್ಪತ್ರೆಯ ಕೌಂಟರಿನ ಹುಡುಗಿ. ಅಷ್ಟೇ ಅಂತೆ. ಯಾವುದಾದರೂ ಒಂದನ್ನು ಹರಿಯಲು ಬರುತ್ತಿದ್ದರೆ ಇಲ್ಲಿಗೆ ಯಾಕಮ್ಮ ಬರುತ್ತಿದ್ದೆ, ನೀವೇ ಹೇಳಿಬಿಡಿ ಅಂತ ಕೇಳಿದ್ದೂ ಆಯಿತು, ನಾವು ಹೇಳೋ ಹಾಗಿಲ್ಲ ಸರ್, ನಿಮಗೇನಾಗ್ತಿದೆ ಅಂತ ನಿಮಗೇ ತಾನೆ ಗೊತ್ತು, ಊಟದ ಹೊತ್ತಿಗೆ ಕೌಂಟರ್ ಮುಚ್ತೀವಿ, ಬೇಗ ನೋಡಿ. ಹರಿದ ಕೋಟು ತಂದವನನ್ನು, ನಿಮಗೆ ಕತ್ತರಿಸೋನು ಬೇಕೋ ಹೊಲಿಯೋನು ಬೇಕೋ ಇಸ್ತ್ರಿಯವನು ಬೇಕೋ ಎಂದು ಯಾವ ಅಂಗಡಿಯಲ್ಲಾದರೂ ಕೇಳುತ್ತಾರೆಯೆ, ಇಟ್ಟು ಹೋಗಿ, ಸಂಜೆ ಬನ್ನಿ ಅನ್ನುತ್ತಾರೆ — ತಲೆಯನ್ನೂ ಹಾಗೆ ಇಟ್ಟು ಹೋಗುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ಕೌಂಟರಿನ ಪಕ್ಕ ಮೂರು ಬಾಗಿಲು, ಮೊದಲ ಬಾಗಿಲಿನವರು ಮಾತ್ರೆ ಬರೆಯುತ್ತಾರೆ, ಮಾತ್ರೆಯಾದರೆ ನುಂಗಿದರಾಯಿತು, ಯೋಚನೆಯೇ ಬೇಡ, ಆದರೆ ನಿದ್ದೆ ಹಿಡಿದು ಬೆರಳು ಮಂದವಾದರೆ, ಇರುವ ಕಸುಬೂ ಹೋದರೆ. ಹಾಗಾದರೆ ನಡುವಿನದು, ಅವರು ಪರೀಕ್ಷೆ ಮಾಡಿ ಮನಸ್ಸಿನ ಅಳತೆ ತೆಗೆಯುತ್ತಾರಂತೆ, ಹೆದರಿಕೆಯನ್ನು ಸ್ವಲ್ಪಸ್ವಲ್ಪವಾಗಿ ಅಭ್ಯಾಸ ಮಾಡಿಸುತ್ತಾರಂತೆ, ಆದರೆ ಪರೀಕ್ಷೆಯಲ್ಲಿ ಈ ಉತ್ತರವೋ ಆ ಉತ್ತರವೋ ಎಂದು ಕೇಳಿದರೆ ಅಲ್ಲೂ ಇದೇ ಕಥೆ. ಕೊನೆಯವರು ಸುಮ್ಮನೆ ಕೇಳುತ್ತಾರಂತೆ, ಹೇಳುವುದಕ್ಕೆ ಏನಿದೆ ಮಣ್ಣು, ಯಾರೂ ಸತ್ತಿಲ್ಲ, ಯಾರೂ ಬೈದಿಲ್ಲ, ಒಂದು ದಿನ ಕತ್ತರಿ ಎತ್ತಿದಾಗ ಅನ್ನಿಸಿತು, ಇಳಿಸಿದರೆ ಮತ್ತೆ ಕೂಡಿಸಲಾಗುವುದಿಲ್ಲ, ಅಷ್ಟೇ — ಇಪ್ಪತ್ತು ವರ್ಷದಿಂದ ಗೊತ್ತಿದ್ದ ಮಾತು, ಅಂದು ಮಾತ್ರ ಹೊಸದಾಗಿ ಅನ್ನಿಸಿತು. ಆಮೇಲೆ ಚಾಕಿನ ಗೆರೆಯಿಂದ ಬೆರಳಗಲ ಆಚೆ ಕತ್ತರಿಸಿದ, ತಪ್ಪಿದರೂ ಬಟ್ಟೆ ಉಳಿಯಲಿ ಎಂದು, ಆಮೇಲೆ ಎರಡು ಬೆರಳು, ಆಮೇಲೆ ಅಂಗೈ, ಹೊಲಿಯುವವರು ಅವನ ಕತ್ತರಿಯ ಗುರುತನ್ನೇ ನಂಬಿ ಹೊಲಿಯುವವರು, ಅಂಚಿನುದ್ದಕ್ಕೇ ಹೊಲಿಗೆ ಹಾಕಿದರು, ದೊಗಲೆ ಅಂಗಿಗಳಲ್ಲಿ ಬೀದಿಯ ಜನರೆಲ್ಲ ಒಮ್ಮೆಲೇ ಬಡಕಲಾದಂತೆ ಕಾಣತೊಡಗಿದರು, ಏನ್ ಮಾಸ್ಟರ್, ಈ ಅಂಗೀಲಿ ನಾನೂ ನನ್ನ ಹೆಂಡ್ತೀನೂ ಒಟ್ಟಿಗೆ ಹೋಗ್ಬಹುದು ಎಂದು ಬ್ಯಾಂಕಿನವರು ನಕ್ಕರು, ಅವನೂ ನಕ್ಕ, ಒಳಗೊಳಗೇ ಸತ್ತ. ಭಾವ ನಗಲಿಲ್ಲ. ಬಟ್ಟೆ ಹಾಳ್ ಮಾಡೋದ್ಬಿಟ್ಟು ಇನ್ನೇನಾಗಿದ್ಯೋ ನಿನಗೆ, ಕತ್ತರಿ ಹಾಕೋಕೂ ಡಾಕ್ಟರ್ ಬೇಕೇನೋ, ಇವತ್ತೇ ಒಂದು ದಾರಿ ನೋಡ್ಕೋ, ಇಲ್ದಿದ್ರೆ ನಾಳೆಯಿಂದ ಬೇರೆ ಮಾಸ್ಟರ್ ಬರ್ತಾನೆ. ಕತ್ತರಿಸುವ ಆ ಮೇಜು ಹೋದರೆ ಅವನಿಗೆ ಉಳಿಯುವುದೇನು, ಹೆಂಡತಿಯಿಲ್ಲ ಮಕ್ಕಳಿಲ್ಲ, ಬೆಳಗ್ಗೆ ಎದ್ದು ಅದರ ಮುಂದೆ ನಿಲ್ಲುವುದೊಂದೇ ಅವನ ಬಾಳು. ಕೊನೆಕೊನೆಗೆ ಕತ್ತರಿ ಇಳಿಯಲೇ ಇಲ್ಲ, ಮೇಜಿನ ಮೇಲೆ ಈಗಲೂ ಒಂದು ನೀಲಿ ಬಟ್ಟೆ ಹರಡಿದೆ, ಅಕ್ಕನ ಮಗಳ ಶಾಲೆಯ ನಾಟಕಕ್ಕೆ, ಬಿಳಿ ಚಾಕಿನ ಗೆರೆ, ಒರೆಸಿ ಮತ್ತೆ ಎಳೆದ ಗೆರೆ, ಅದರ ಮೇಲೆ ಬಾಯಿ ತೆರೆದೇ ಇಟ್ಟು ಬಂದ ಕತ್ತರಿ, ಮಾಮಾ ಆಯ್ತಾ, ಆಯ್ತು ಪುಟ್ಟೀ, ಮಾಮಾ ಇವತ್ತಾದ್ರೂ ಆಯ್ತಾ.

ಅಕ್ಕ ಹೊರಗೆ ಫೋನಿನಲ್ಲಿ ಭಾವನಿಗೆ ಸಮಾಧಾನ ಹೇಳುತ್ತಿದ್ದಾಳೆ, ಗಾಜಿನಾಚೆ ಅವಳ ಕೈ ಮಾತ್ರ ಆಡುತ್ತಿದೆ. ಅಕ್ಕ ಬರಲಿ, ಅವಳೇ ಹರಿಯಲಿ. ಅವನಿಗೆ ಯಾವ ಕೆಲಸ, ಯಾವ ಊರು, ಯಾವ ಬಣ್ಣದ ಅಂಗಿ, ಎಲ್ಲವನ್ನೂ ಕಣ್ಣು ಮುಚ್ಚಿ ಆರಿಸಿದವಳು ಅವಳು, ಚಿಕ್ಕವನಿದ್ದಾಗ ಅವನ ಬೆರಳಿಗೆ ತನ್ನ ಬೆರಳು ಕೂಡಿಸಿ, ಹ್ಞೂಂ ಹಾಕು, ಹೆದ್ರಬೇಡ, ನಾನಿದೀನಲ್ಲ ಎಂದು ಹಳೆ ದಿಂಬಿನ ಚೀಲ ಕತ್ತರಿಸುವುದನ್ನು ಕಲಿಸಿದವಳೂ ಅವಳೇ. ಬಂದಳು, ಬೆವರು ಒರೆಸಿಕೊಳ್ಳುತ್ತ, ಇನ್ನೂ ಕೊಟ್ಟಿಲ್ವೇನೋ ಮಾರಾಯ, ಮುಚ್ತಾ ಇದಾರೆ ನೋಡು, ತಾ ಇತ್ಲಾಗೆ ಎಂದು ಕಸಿದುಕೊಂಡಳು, ಸದ್ಯ, ಜೀವ ಬಂತು. ಮೂರು ಬಾಗಿಲುಗಳನ್ನು ನೋಡಿದಳು. ಮೊದಲನೆಯ ಚುಕ್ಕೆಗೆರೆಯ ಮೇಲೆ ಉಗುರಿಟ್ಟಳು, ನಡುವಿನದಕ್ಕೆ ಸರಿಸಿದಳು, ಮತ್ತೆ ಮೊದಲಿನದಕ್ಕೆ. ತಪ್ಪಾದ್ರೆ ಏನ್ಮಾಡೋಣೋ, ಎಂದಳು, ಅವನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ, ನನಗೇನ್ ಗೊತ್ತಾಗತ್ತೆ, ನಿನ್ನ ತಲೆ, ನೀನೇ ಹೇಳ್ಬೇಕು. ಚೀಟಿ ತಿರುಗಿ ಅವನ ಕೈಗೆ ಬಂತು, ಅವಳ ಬೆವರಿಗೆ ಒದ್ದೆಯಾಗಿ. ಅಕ್ಕನಿಗೂ ಭಯವಾಗುತ್ತದೆ, ಇದು ಅವನಿಗೆ ಇದುವರೆಗೆ ಗೊತ್ತೇ ಇರಲಿಲ್ಲ. ಸರ್, ಕೊನೇ ಸಲ ಕೇಳ್ತಿದೀನಿ, ಯಾವುದು, ಎಂದು ಕೌಂಟರಿನ ಹುಡುಗಿ ಎದ್ದು ನಿಂತಳು, ಅವನು ಬೆರಳು ಎತ್ತಿದ, ಮೊದಲನೆಯದು, ಅಲ್ಲ, ನಡುವಿನ — ಮಾಮಾ ಆಯ್ತಾ — ಬಿಳಿ ಗೆರೆ, ನೀಲಿ ಬಟ್ಟೆ, ಕತ್ತರಿ, ಬಾಯಿ ತೆರೆದ ಕತ್ತರಿ, ಬಾಯಿ ತೆರೆದೇ ಇರುವ ಕತ್ತರಿ