ಬಾಗಿಲು ಹಾಕಿದ ಮನೆ

ನಾನು ಅಳೆದು ಬಂದ ಮನೆ ಹದಿನೇಳನೆಯ ದಿನಕ್ಕೆ ಅಲ್ಲಿರಲಿಲ್ಲ.

ಹೊಸನಗರದಲ್ಲಿ ಒಂದು ಅಂಗಡಿ ಕಟ್ಟಡದ ಅಳತೆ ಮುಗಿಸಿ ರಿಪ್ಪನ್‌ಪೇಟೆ ಬಸ್ಸಿನಲ್ಲಿ ಬರುತ್ತಿದ್ದೆ. ಹಳೇ ರೈಸ್ ಮಿಲ್ಲಿನ ಹತ್ತಿರ ಯಾರನ್ನೋ ಇಳಿಸಲು ಬಸ್ಸು ನಿಂತಿತು. ಸುಮ್ಮನೆ ಆ ಕಡೆ ನೋಡಿದೆ. ಮಿಲ್ಲು ಇತ್ತು. ಅದರ ಹಿಂದಿದ್ದ ಎರಡು ಅಂಕಣದ ಹೆಂಚಿನ ಮನೆ ಇರಲಿಲ್ಲ. ಮಣ್ಣು ಸಪಾಟಾಗಿತ್ತು, ಅದರ ಮೇಲೆ ಜೆಸಿಬಿಯ ಚಕ್ರದ ಗುರುತು. ರಿಪ್ಪನ್‌ಪೇಟೆವರೆಗೆ ಟಿಕೆಟ್ ತೆಗೆದವಳು ಅಲ್ಲೇ ಇಳಿದುಬಿಟ್ಟೆ.

ನಾನು ಯಶೋಧಾ. ಸಾಗರದಲ್ಲಿ ಮನೆ, ಜಾಗಗಳಿಗೆ ಬೆಲೆ ಕಟ್ಟುವ ಕೃಷ್ಣಪ್ರಸಾದ್ ಸರ್ ಹತ್ತಿರ ಎರಡು ವರ್ಷದಿಂದ ಕೆಲಸ ಕಲಿಯುತ್ತಿದ್ದೇನೆ. ನೋಡಿದ ಪ್ರತಿ ಆಸ್ತಿಗೂ ನನ್ನ ಪುಸ್ತಕದಲ್ಲಿ ಒಂದು ಪುಟ ಬರೆಯಬೇಕು, ಆ ಪುಟಕ್ಕೆ ಸರ್ ಸಹಿ ಬೇಕು. ಎರಡು ವರ್ಷದ ಪುಸ್ತಕ ತೋರಿಸಿದರೆ ಮಾತ್ರ ಪರೀಕ್ಷೆಗೆ ಕೂರಿಸುತ್ತಾರೆ. ಅರ್ಜಿಗೆ ಕೊನೆಯ ದಿನ ಆ ವಾರದ ಶನಿವಾರ. ನನ್ನ ಬಾಯಿ ಜೋರು, ಕೆಲಸ ಚೊಕ್ಕ ಎಂದು ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಎರಡನೆಯದನ್ನು ನಾನೂ ನಂಬಿಕೊಂಡಿದ್ದೆ.

ಮಿಲ್ಲಿನ ಜಗಲಿಯ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಅರವತ್ತರ ಹತ್ತಿರದ ವಯಸ್ಸು. ಪಕ್ಕದಲ್ಲಿ ನಾಲ್ಕು ಪಾತ್ರೆ, ಒಂದು ಚಾಪೆ, ತಗಡಿನ ಪೆಟ್ಟಿಗೆ. ನನ್ನ ಕೈಯಲ್ಲಿದ್ದ ಅಳತೆಯ ಟೇಪನ್ನೇ ನೋಡಿದರು.

"ಇಲ್ಲಿದ್ದ ಮನೆ ಏನಾಯ್ತಮ್ಮ?"

"ಕೆಡವಿದ್ರು. ಹೋದ ಸೋಮವಾರ. ನಾನು ಶಾಲೇಲಿ ಅನ್ನಕ್ಕಿಟ್ಟಿದ್ದೆ. ಮಕ್ಕಳಿಗೆ ಬಡಿಸಿ ಬರೋವಷ್ಟರಲ್ಲಿ ಗೋಡೆನೂ ಇರ್ಲಿಲ್ಲ."

"ನೀವು ಆ ಮನೇಲಿ ಇದ್ರಾ?"

"ಮೂವತ್ತೊಂದು ವರ್ಷ. ನಮ್ಮನೆಯವ್ರು ಬೆಳ್ಳಪ್ಪ ಅಂತ, ಈ ಮಿಲ್ಲಿಗೆ ಕಾವಲಿದ್ರು. ಇದ್ಕೊಳ್ಳಿ ಅಂತ ದೊಡ್ಡ ಯಜಮಾನ್ರು ಕೊಟ್ಟಿದ್ದು. ಈಗ ಅವ್ರೂ ಇಲ್ಲ, ಇವ್ರೂ ಇಲ್ಲ. ಯಜಮಾನ್ರ ಮಗ ಹರಿಹರಯ್ಯ ತೀರ್ಥಹಳ್ಳೀಲಿದಾರೆ, ಎಲ್ಲಾ ಮಾರಿದ್ರು. ಮನೇಲಿ ಯಾರೂ ಇಲ್ಲ ಅಂತ ಸಾಗರದವ್ರು ಬಂದು ನೋಡಿ ಬರ್ಕೊಟ್ಟಿದಾರಂತೆ." ಅವರು ಟೇಪಿನಿಂದ ಕಣ್ಣೆತ್ತಿ ನನ್ನ ಮುಖ ನೋಡಿದರು. "ನೀವೇನಾ ಬಂದಿದ್ದು?"

ಯಾರಿಗೂ ಉತ್ತರ ಬಾಕಿ ಇಟ್ಟವಳಲ್ಲ ನಾನು. ಅವತ್ತು ಮಾತ್ರ ಬರೀ ಹೌದು ಎಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹೆಸರು ಮಾಸ್ತಮ್ಮ ಎಂದರು. ಗುರುವಾರ ತಾಲ್ಲೂಕು ಆಫೀಸಿನಲ್ಲಿ ತಮ್ಮ ದೂರಿನ ವಿಚಾರಣೆ ಇದೆಯೆಂದೂ, ಅಲ್ಲಿ ವಾಸವಿದ್ದೆ ಅನ್ನೋದಕ್ಕೆ ಕಾಗದ ಕೇಳುತ್ತಿದ್ದಾರೆಂದೂ ಹೇಳಿದರು. ಕರೆಂಟು ಬಿಲ್ಲು ಮಿಲ್ಲಿನ ಹೆಸರಿನಲ್ಲಿ, ರೇಷನ್ ಕಾರ್ಡು ಇನ್ನೂ ಅತ್ತೆ ಮನೆ ಊರಿನಲ್ಲಿ. ಅವರ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಸಾಗರಕ್ಕೆ ಬಂದವಳು ಮೆಟ್ಟಿಲು ಹತ್ತಿ ನೇರ ಸರ್ ಮೇಜಿನ ಮುಂದೆ ನಿಂತೆ. "ಆ ಮನೇಲಿ ಯಾರೂ ಇಲ್ಲ ಅಂತ ನಿಮಗೆ ಹೇಳಿದ್ದು ಯಾರು ಸರ್?"

"ನೀನೇ," ಎಂದರು.

ನನ್ನ ಪುಸ್ತಕ ತೆಗೆದು ಪುಟ ತೋರಿಸಿದರು. ನನ್ನದೇ ಅಕ್ಷರ. ಉದ್ದ, ಅಗಲ, ಹೆಂಚು, ಗೋಡೆ, ಎಲ್ಲ ಸರಿಯಾಗಿತ್ತು. ‘ಯಾರನ್ನು ಭೇಟಿಯಾದಿರಿ’ ಎಂಬಲ್ಲಿ ಬರೆದಿದ್ದೆ: ‘ಬಾಗಿಲು ಹಾಕಿದ ಮನೆ.’

"ಬಾಗಿಲು ಹಾಕಿತ್ತು, ಅದಕ್ಕೇ ಬರೆದೆ. ಹನ್ನೊಂದು ಗಂಟೆಗೆ ಹೋಗಿದ್ದೆ, ಅವ್ರು ಶಾಲೇಲಿದ್ರು."

ಸರ್ ಕನ್ನಡಕ ತೆಗೆದರು. "ನಮ್ಮ ತೀರ್ಥಹಳ್ಳಿ ಕಡೆ ಬಾಗಿಲು ಹಾಕಿದ ಮನೆ ಅಂದ್ರೆ ಚಿಲಕ ಹಾಕಿದ್ದಲ್ಲ ಮಾರಾಯ್ತಿ. ದೀಪ ಹಚ್ಚೋರು ಒಬ್ರೂ ಉಳೀದೇ ಇದ್ದ ಮನೆ. ನಾನು ಹಂಗೇ ಓದ್ಕೊಂಡೆ. ‘ಹಲವು ವರ್ಷಗಳಿಂದ ವಾಸವಿಲ್ಲ’ ಅಂತ ವರದಿಗೆ ಹಾಕ್ದೆ."

ನಮ್ಮ ಮನೆಯಲ್ಲಿ ಅವ್ವ ತರಕಾರಿ ತರಲು ಹೋದರೂ ಬಾಗಿಲು ಹಾಕಿದ ಮನೆಯೇ. ಆ ಮಾತಿಗೆ ಇನ್ನೊಂದು ಅರ್ಥವಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಸಿಟ್ಟು ನೆತ್ತಿಗೇರಿತು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತಲ್ಲ ಸರ್. ಒಂದು ಮಾತು ಕೇಳಬಾರ್ದಿತ್ತಾ?" ಎಂದು ಕೂಗಿದೆ. ಪಕ್ಕದ ಕೋಣೆಯಲ್ಲಿ ಟೈಪಿಂಗ್ ನಿಂತಿತು.

"ನೀನು ಅವತ್ತೇ ಬರೆದಿದ್ಯಾ ಅದನ್ನ?" ಎಂದು ಮೆಲ್ಲಗೆ ಕೇಳಿದರು.

ಅಲ್ಲಿಗೆ ನನ್ನ ಕೂಗು ಮುಗಿಯಿತು. ಅವತ್ತಿನದು ಅವತ್ತೇ ಬರೆಯಬೇಕೆಂಬುದು ನಮ್ಮ ಕೆಲಸದ ಮೊದಲ ಪಾಠ. ನಾನು ಆ ವಾರದ ಆರು ಪುಟ ಭಾನುವಾರ ಒಂದೇ ಸಲ ಕೂತು, ನೆನಪಿದ್ದಷ್ಟು ಗೀಚಿದ್ದೆ. ಸರ್ ಕಡೆಯ ತಪ್ಪೂ ಒಂದಿತ್ತು. ‘ಮೇಲ್ವಿಚಾರಕರು ಸ್ಥಳದಲ್ಲಿ ಜೊತೆಗಿದ್ದರೇ’ ಎಂದು ಪ್ರತಿ ಪುಟದಲ್ಲೂ ಕೇಳಿರುತ್ತದೆ. ‘ಇಲ್ಲ’ ಎಂದರೆ ಆ ಪುಟ ಪರೀಕ್ಷೆಗೆ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೆ ದಿನಕ್ಕೆ ನಾಲ್ಕೈದು ಕಡೆ ಕೆಲಸ, ಹೆಚ್ಚಾಗಿ ಹೋಗುತ್ತಿದ್ದವಳು ನಾನೊಬ್ಬಳೇ. ಆದರೂ ‘ಹೌದು’ ಎಂದೇ ಬರೆಯುತ್ತಿದ್ದೆ, ತಿಂಗಳಿಗೊಮ್ಮೆ ಅವರು ಒಟ್ಟಿಗೆ ಸಹಿ ಹಾಕುತ್ತಿದ್ದರು. ಎಲ್ಲರೂ ಹೀಗೇ ಮಾಡುತ್ತಾರೆ ಅಂದುಕೊಂಡಿದ್ದೆವು.

"ಆ ಪುಟ ಬದಲಾಯಿಸು," ಎಂದರು ಸರ್. ನನ್ನ ಮುಖ ನೋಡಲಿಲ್ಲ. "‘ಯಾರೂ ವಾಸವಿಲ್ಲವೆಂದು ಅಕ್ಕಪಕ್ಕದವರು ತಿಳಿಸಿದರು’ ಅಂತ ಬರಿ. ತಪ್ಪು, ಹೇಳಿದೋರ ಮೇಲೆ ಹೋಗ್ತದೆ. ಈ ತಿಂಗಳ ಪುಟಕ್ಕೆಲ್ಲ ನಾಳೆ ಸಹಿ ಹಾಕ್ತೀನಿ, ಶನಿವಾರ ಅರ್ಜಿ ಕಳಿಸು."

ಹೇಸಿಗೆಯಾಯಿತು. ಆದರೂ ಬರೆಯಲು ಕೂತೆ, ಸುಳ್ಳು ಹೇಳುವುದಿಲ್ಲ. ಎರಡು ವರ್ಷ ಬಸ್ಸು ಬಸ್ಸು ಹತ್ತಿ, ನಾಯಿ ಕೈಲಿ ಕಚ್ಚಿಸಿಕೊಂಡು, ಕಂಡವರ ಅಂಗಳ ಅಳೆದು ತುಂಬಿಸಿದ ಪುಸ್ತಕ ಅದು. ಬೇರೆ ಹಾಳೆಯಲ್ಲಿ ಒಂದು ಸಾಲು ಬರೆದೆ. ಅಕ್ಕಪಕ್ಕದವರು ಎಂದ ಮೇಲೆ ಯಾವುದಾದರೂ ಮನೆ ಇರಬೇಕಲ್ಲ, ಪಕ್ಕದಲ್ಲಿ ಏನಿತ್ತು ಎಂದು ನೋಡಲು ಮೊಬೈಲಿನಲ್ಲಿ ಅವತ್ತಿನ ಫೋಟೋ ತೆರೆದೆ. ವರದಿಗೆ ಹೋಗಿದ್ದು ಎದುರಿನದೊಂದೇ. ಮನೆಯ ಬಲಬದಿಯದನ್ನು ನಾನು ತೆಗೆದ ಮೇಲೆ ತಿರುಗಿ ನೋಡಿರಲಿಲ್ಲ.

ಅದರಲ್ಲಿ ಹಗ್ಗದ ಮೇಲೆ ಒಂದು ಹಸಿರು ಸೀರೆ ಇತ್ತು. ಸೆರಗಿನ ಕೆಳಗೆ ನೆಲ ಒದ್ದೆಯಾಗಿತ್ತು. ಬೆಳಿಗ್ಗೆ ಒಗೆದು ಹರವಿ ಹೋದ ಸೀರೆ. ನಾನು ಅದರ ಎದುರೇ ನಿಂತು, ಗೋಡೆಯ ಬಿರುಕಿಗೆ ಸರಿಯಾಗಿ ಕ್ಯಾಮೆರಾ ಹಿಡಿದಿದ್ದೆ. ಬಿರುಕು ಕಂಡಿತ್ತು, ಮನುಷ್ಯರು ಕಂಡಿರಲಿಲ್ಲ. ಬರೆದ ಹಾಳೆ ಹರಿದು ಬುಟ್ಟಿಗೆ ಹಾಕಿದೆ. ಸರ್ ಗಾಜಿನಾಚೆಯಿಂದ ನೋಡುತ್ತಿದ್ದರು. ಮರುದಿನ ಸಹಿ ಹಾಕಲಿಲ್ಲ.

ಗುರುವಾರ ಹೊಸನಗರದ ತಾಲ್ಲೂಕು ಆಫೀಸಿಗೆ ಪುಸ್ತಕ ಹಿಡಿದುಕೊಂಡು ನಾನೊಬ್ಬಳೇ ಹೋದೆ. ಮಾಸ್ತಮ್ಮ ಗೋಡೆ ಪಕ್ಕ ನಿಂತಿದ್ದರು. ಹರಿಹರಯ್ಯ ಅಧಿಕಾರಿಯ ಎದುರು ಕುರ್ಚಿಯಲ್ಲಿದ್ದರು, ಬಿಳಿ ಶರ್ಟು, ತಗ್ಗಿದ ದನಿ. ನಾನು ಪುಟ ತೋರಿಸಿದೆ, ಮಾತಿನ ಅರ್ಥ ತಪ್ಪಿದ್ದು ಹೇಳಿದೆ, ಸೀರೆಯ ಫೋಟೋ ಕೊಟ್ಟೆ.

"ಸೀರೆ ಯಾರದ್ದಾದ್ರೂ ಆಗಬಹುದು," ಎಂದರು ಹರಿಹರಯ್ಯ. "ಮಿಲ್ಲಿನ ಅಂಗಳದಲ್ಲಿ ಊರೋರೆಲ್ಲ ಬಟ್ಟೆ ಹರವ್ತಾರೆ. ಈ ಹುಡುಗಿ ಕಲಿಯೋಳು, ಅವಳ ಮಾತು ಬಿಡಿ. ಕೃಷ್ಣಪ್ರಸಾದ್ ಸ್ವತಃ ಜೊತೇಲಿ ಹೋಗಿ ನೋಡಿದಾರೆ. ಇದೇ ಪುಟದಲ್ಲಿದೆ ನೋಡಿ, ‘ಹೌದು’ ಅಂತ."

"ನಾನು ಹೋಗಿರ್ಲಿಲ್ಲ," ಎಂದಿತು ಬಾಗಿಲಿನಿಂದ ಒಂದು ದನಿ.

ಸರ್ ನಿಂತಿದ್ದರು. ಅವರಿಗೂ ನೋಟಿಸು ಹೋಗಿತ್ತಂತೆ, ಬರುತ್ತಾರೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಒಳಗೆ ಬಂದು ಕೈ ಕಟ್ಟಿ ನಿಂತು, ಮನೆ ನೋಡದೆ ವರದಿ ಕೊಟ್ಟೆ ಎಂದು ಇನ್ನೊಮ್ಮೆ ಹೇಳಿದರು.

ಹರಿಹರಯ್ಯ ಗಾಬರಿಯಾಗಲಿಲ್ಲ. ಪುಸ್ತಕ ಎಳೆದುಕೊಂಡು ಹಿಂದಿನ ಹಾಳೆಗಳನ್ನು ಮಗುಚಿದರು. "ಇನ್ನೂರಕ್ಕೂ ಹೆಚ್ಚು ಪುಟ ಇದೆ ಸರ್. ಎಲ್ಲದರಲ್ಲೂ ‘ಹೌದು’, ಕೆಳಗೆ ಇವರದೇ ಸಹಿ. ಅಷ್ಟೂ ಕಡೆ ಹೋದೋರು ನಮ್ಮ ಮಿಲ್ಲಿಗೆ ಮಾತ್ರ ಹೋಗ್ಲಿಲ್ವಾ? ಪಾಪ ಅಂತ ಈಗ ಆಯಮ್ಮನ ಪರ ಹೇಳ್ತಿದಾರೆ, ಅಷ್ಟೇ."

ಅಧಿಕಾರಿ, ಸರ್ ಕಡೆ ನೋಡಿದರು. ಸರ್ ನನ್ನ ಕಡೆ ನೋಡಿದರು. ಅವರು ಸುಮ್ಮನಾಗಿದ್ದು ತಮಗೋಸ್ಕರ ಅಲ್ಲ, ಅದು ನನಗೆ ಆ ಕ್ಷಣವೇ ತಿಳಿಯಿತು. ಒಂದು ಪುಟ ಸುಳ್ಳಾದರೆ ಒಂದು ಪುಟ ಹೋಗುತ್ತದೆ. ಎಲ್ಲಾ ಸುಳ್ಳಾದರೆ ನಾನು ಕಲಿತದ್ದೇ ಲೆಕ್ಕಕ್ಕಿಲ್ಲ. ಗೋಡೆ ಪಕ್ಕ ಮಾಸ್ತಮ್ಮ ನಿಂತಿದ್ದರು.

"ಅಲ್ಲೆಲ್ಲ ಇವರು ಹೋಗಿಲ್ಲ ಸರ್," ಎಂದೆ. "ಬರೆದೋಳು ನಾನು. ಹತ್ತೋ ಹನ್ನೊಂದೋ ಬಿಟ್ರೆ ಅಷ್ಟೂ ಪುಟದ ‘ಹೌದು’ ಸುಳ್ಳು."

"ಏನು ಹೇಳ್ತಿದೀಯ ಗೊತ್ತಿದೆಯಾ ನಿಂಗೆ?" ಎಂದರು ಅಧಿಕಾರಿ.

"ಗೊತ್ತಿದೆ."

ಸರ್ ಜೇಬಿನಿಂದ ಪೆನ್ನು ತೆಗೆದರು. ಅಧಿಕಾರಿಯ ಒಪ್ಪಿಗೆ ಕೇಳಿ, ಮೊದಲ ಪುಟದಿಂದ ಶುರುಮಾಡಿ ಒಂದೊಂದೇ ‘ಹೌದು’ ಹೊಡೆದು ಪಕ್ಕದಲ್ಲಿ ‘ಇಲ್ಲ’ ಎಂದು ಬರೆದು ತಾರೀಖು ಹಾಕುತ್ತಾ ಹೋದರು. ಅವರು ನಿಜವಾಗಿ ಬಂದಿದ್ದು ಹನ್ನೊಂದು ಕಡೆ ಮಾತ್ರ, ಅವನ್ನು ಬಿಟ್ಟರು. ಬಹಳ ಹೊತ್ತು ಹಿಡಿಯಿತು. ಅಧಿಕಾರಿ ಗುಮಾಸ್ತರನ್ನು ಕರೆದು, ಮನೆಯಲ್ಲಿ ವಾಸವಿರಲಿಲ್ಲವೆಂಬ ವರದಿಯನ್ನು ಒಪ್ಪುವಂತಿಲ್ಲ ಎಂದು ಬರೆಸಿದರು.

ಮಾಸ್ತಮ್ಮನಿಗೆ ಓದು ಬರುವುದಿಲ್ಲ. ನನ್ನ ಹತ್ತಿರ ಸರಿದು ಮೊಣಕೈ ಮುಟ್ಟಿದರು.

"ಎಂತ ಹೊಡೆದು ಹಾಕಿದ್ರು ತಂಗಿ, ಅಷ್ಟೊಂದು?"

"ನನ್ನ ಎರಡು ವರ್ಷ ಅಮ್ಮ," ಎಂದೆ.